ಫೆಸ್ಟಸ್ ಆರಿಸಿದ ಗಾಳದ ಕೋಲು

ಫೆಸ್ಟಸ್ ಮಲ್ರೋ ಹೊಟ್ಟೆಕಿಚ್ಚಿನ ಮನುಷ್ಯ ಎಂಬುದು ಅರ್ಡಾನ್ ಸರೋವರದ ಸುತ್ತಲಿನ ಎಲ್ಲ ಹಳ್ಳಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ಅವನೊಬ್ಬನೇ. ಅವನನ್ನು ಕೇಳಿದರೆ ತಾನು ನ್ಯಾಯವಾಗಿ ನಡೆಯುವವನು, ಲೋಕವೇ ಸರಿಯಿಲ್ಲ ಎನ್ನುತ್ತಿದ್ದ. ಪಕ್ಕದ ಮನೆಯವರ ಹುಲ್ಲಿನ ಮೆದೆ ಮಳೆಗೆ ಸಿಗದೆ ಉಳಿದರೆ ಅದು ಅನ್ಯಾಯ. ಸ್ವಂತ ತಮ್ಮನ ತಲೆಯಲ್ಲಿ ಅರವತ್ತು ದಾಟಿದರೂ ಕಪ್ಪು ಕೂದಲು ಉಳಿದದ್ದು ಅದಕ್ಕಿಂತ ದೊಡ್ಡ ಅನ್ಯಾಯ. ಆದರೆ ಇವೆಲ್ಲ ಚಿಲ್ಲರೆ ಸಂಕಟಗಳು, ಒಂದು ಲೋಟ ಕಪ್ಪು ಬಿಯರಿನಲ್ಲಿ ಕರಗಿಹೋಗುವಂಥವು. ಅವನ ನಿಜವಾದ ಹೊಟ್ಟೆಯುರಿಗೆ ಒಂದೇ ಹೆಸರಿತ್ತು, ಅದು ಕೋಲ್ಮನ್ ಲೈಡನ್.

ಇಬ್ಬರೂ ಅರ್ಡಾನ್ ಹೋಟೆಲಿನ ಅಂಬಿಗರು. ಮೀನು ಹಿಡಿಯಲು ಬರುವ ಅತಿಥಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ದೋಣಿಯನ್ನು ಗಾಳಿಗೆ ಅಡ್ಡಲಾಗಿ ತೇಲಬಿಟ್ಟು, ಟ್ರೌಟ್ ಮೀನು ಯಾವ ಬಂಡೆಯ ಪಕ್ಕದಲ್ಲಿದೆ, ಗರಿ ಮತ್ತು ದಾರದಲ್ಲಿ ಕಟ್ಟಿದ ಯಾವ ಹುಸಿ ನೊಣವನ್ನು ಅದರ ಮುಂದೆ ಬೀಸಬೇಕು ಎಂದು ಹೇಳಿಕೊಡುವುದು ಅವರ ಕೆಲಸ. ಫೆಸ್ಟಸ್ ಅದನ್ನು ಮೂವತ್ತೆಂಟು ವರ್ಷ ಮಾಡಿದ್ದ.

ಈ ಅಂಬಿಗರಲ್ಲಿ ಒಂದು ಪದ್ಧತಿಯಿದೆ. ಅತಿಥಿ ಸುಸ್ತಾಗಿ ಬ್ರೆಡ್ಡು ತಿನ್ನುತ್ತ ಕೂತಾಗ ಅಂಬಿಗ ಅವನ ಕೋಲು ಹಿಡಿದು ನಾಲ್ಕು ಸಲ ಬೀಸುವುದುಂಟು. ಆಗ ಮೀನು ಕಚ್ಚಿದರೆ ಕೋಲನ್ನು ಆ ಕ್ಷಣವೇ ಅತಿಥಿಯ ಕೈಗೆ ಕೊಟ್ಟುಬಿಡಬೇಕು. ಮೀನೂ ಅತಿಥಿಯದು, ಹೆಸರೂ ಅತಿಥಿಯದು. ಹೆರಟಿಯ ಪಬ್ಬಿನ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಒಂಬತ್ತು ಟ್ರೌಟುಗಳಿದ್ದವು, ಒಂದೊಂದೂ ಹತ್ತು ಪೌಂಡಿಗೆ ಮೇಲಿನದು. ಅವುಗಳ ಕೆಳಗೆ ಡಬ್ಲಿನ್ನಿನ ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಪಾದ್ರಿಗಳು, ಬೆಲ್ಜಿಯಮ್ಮಿನ ಒಬ್ಬ ಬಿಸ್ಕತ್ತು ವ್ಯಾಪಾರಿ, ಹೀಗೆ ಎಲ್ಲ ಹೊರಗಿನವರ ಹೆಸರುಗಳು. ಆ ಒಂಬತ್ತರಲ್ಲಿ ನಾಲ್ಕು ಮೀನು ಕಚ್ಚಿದ್ದು ಫೆಸ್ಟಸ್ ಕೈಯಲ್ಲಿ ಕೋಲಿದ್ದಾಗ. ಬಿಸ್ಕತ್ತು ವ್ಯಾಪಾರಿಯಂತೂ ಮೀನು ಕಚ್ಚಿದಾಗ ದೋಣಿಯ ಆಚೆ ಬಾಗಿ ವಾಂತಿ ಮಾಡುತ್ತಿದ್ದ. ಅಂಬಿಗನ ಹೆಸರು ಒಂದು ಪೆಟ್ಟಿಗೆಯ ಕೆಳಗೂ ಇರಲಿಲ್ಲ.

ವರ್ಷಕ್ಕೊಂದೇ ದಿನ, ಮೇ ತಿಂಗಳ ಕೊನೆಯ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ ಅಂಬಿಗರು ತಮಗಾಗಿ ಮೀನು ಹಿಡಿಯುತ್ತಿದ್ದರು. ಒಂದು ದೋಣಿಗೆ ಇಬ್ಬರು. ಆ ದಿನ ಹತ್ತು ಪೌಂಡಿನ ಮೀನು ಸಿಕ್ಕರೆ ಹತ್ತನೆಯ ಪೆಟ್ಟಿಗೆ ಮಾಡಿಸಿ ಅಂಬಿಗನ ಹೆಸರು ಬರೆಸುತ್ತೇನೆ ಎಂದು ಪಬ್ಬಿನ ಯಜಮಾನ ಹೆರಟಿ ಎಂದೋ ಮಾತು ಕೊಟ್ಟಿದ್ದ. ಫೆಸ್ಟಸ್‌ಗೆ ಬೇಕಿದ್ದದ್ದು ಅದೊಂದೇ. ಸೊಂಟ ಸವೆದುಹೋಗಿತ್ತು. ಈ ಮೇ ಮುಗಿದ ಮೇಲೆ ದೋಣಿ ಹತ್ತಿದರೆ ನನ್ನ ಹತ್ತಿರ ಬರಲೇಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅಂದರೆ ಅವನ ಹೆಸರು ಗೋಡೆ ಹತ್ತಬೇಕಾದರೆ ಉಳಿದದ್ದು ಒಂದು ಭಾನುವಾರ ಮಾತ್ರ.

ಇನ್ನು ಕೋಲ್ಮನ್ ವಿಷಯ. ಫೆಸ್ಟಸ್‌ಗಿಂತ ಹದಿಮೂರು ವರ್ಷ ಚಿಕ್ಕವನು. ಅವನಿಗೆ ಹುಟ್ಟು ಹಿಡಿಯುವುದನ್ನು ಕಲಿಸಿದವನೂ, ನೀರಿನೊಳಗಿನ ಬಂಡೆಗಳನ್ನು ಒಂದೊಂದಾಗಿ ತೋರಿಸಿಕೊಟ್ಟವನೂ ಫೆಸ್ಟಸ್ಸೇ. ಕೋಲ್ಮನ್ ಹೆಚ್ಚು ಮಾತಿನವನಲ್ಲ. ಅತಿಥಿ ತಪ್ಪು ಮಾಡಿದರೆ ಆಕಾಶ ನೋಡುತ್ತ ಸುಮ್ಮನಿರುತ್ತಿದ್ದ. ಫೆಸ್ಟಸ್ ಆದರೆ ತಪ್ಪನ್ನು ತೂಕ ಹಾಕಿ ಹೇಳುತ್ತಿದ್ದ. ಹಾಗಾಗಿ ಬರಬರುತ್ತ ಹೋಟೆಲಿಗೆ ಬಂದ ಪತ್ರಗಳಲ್ಲಿ ‘ಲೈಡನ್ ಇದ್ದಾನೆಯೇ’ ಎಂಬ ಪ್ರಶ್ನೆ ಜಾಸ್ತಿಯಾಯಿತು. ಫೆಸ್ಟಸ್ ಅದನ್ನೂ ಹೇಗೋ ನುಂಗಿಕೊಂಡಿದ್ದ. ನುಂಗಲಾಗದೆ ಹೋದದ್ದು ಮಿಸ್ ಹಾರ್ಟ್‌ನಲ್ ಪತ್ರ.

ಮಿಸ್ ಹಾರ್ಟ್‌ನಲ್ ಇಂಗ್ಲೆಂಡಿನ ಡೆವನ್ ಕಡೆಯವರು. ಮದುವೆಯಾಗದೆ, ಹುಡುಗಿಯರ ಶಾಲೆಯೊಂದರಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಮೇ ತಿಂಗಳಲ್ಲಿ ಸರೋವರದ ತಳದಿಂದ ದೊಡ್ಡ ಹಸಿರು ನೊಣಗಳು ಮೇಲೆದ್ದು ರೆಕ್ಕೆ ಬಿಚ್ಚುವ ಮೂರು ವಾರ, ಟ್ರೌಟುಗಳು ಹುಚ್ಚೆದ್ದು ತಿನ್ನುವ ಕಾಲ, ಅವರು ದಂಡೆಯ ಮೇಲಿನ ಸಣ್ಣ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಇಪ್ಪತ್ತೆರಡು ಮೇ ತಿಂಗಳು ಅವರು ಕೂತದ್ದು ಫೆಸ್ಟಸ್ ದೋಣಿಯಲ್ಲಿ. ಫೆಸ್ಟಸ್ ಬೈದರೆ ತಿರುಗಿ ಬೈಯುತ್ತಿದ್ದ ಅತಿಥಿ ಅವರೊಬ್ಬರೇ. ಎರಡು ವರ್ಷದ ಹಿಂದೆ ಹೋಟೆಲಿಗೆ ಒಂದು ಸಾಲು ಬರೆದರು: ಈ ಸಲ ನನಗೆ ಕೋಲ್ಮನ್ ಲೈಡನ್ ಇರಲಿ.

“ಒಂದು ಮುದುಕಿ ಬೇರೆ ದೋಣಿ ಹತ್ತಿದ್ರೆ ಪ್ರಪಂಚ ಮುಳುಗೋದಿಲ್ಲ,” ಎಂದಳು ಹೆಂಡತಿ ಡೀಲಿಯಾ, ಬ್ರೆಡ್ಡಿಗೆ ಹಿಟ್ಟು ಕಲಸುತ್ತ.

“ಮುಳುಗುತ್ತೆ ಅಂತ ನಾನೆಲ್ಲಿ ಅಂದೆ?”

“ಮೂರು ದಿನದಿಂದ ತಟ್ಟೆ ಮುಂದೆ ಮೂತಿ ಉಬ್ಬಿಸ್ಕೊಂಡು ಕೂರ್ತಿದ್ದೀಯಲ್ಲ, ಅದಕ್ಕೇನಂತಾರೆ?”

“ಆಲೂಗಡ್ಡೆ ಬೆಂದಿರ್ಲಿಲ್ಲ.”

“ನಲವತ್ತು ವರ್ಷದಿಂದ ಅದೇ ಪಾತ್ರೇಲಿ ಬೇಯಿಸ್ತಿದ್ದೀನಿ. ಆ ಹೆಂಗಸು ಕೋಲ್ಮನ್ ದೋಣಿ ಹತ್ತಿದ ವಾರಾನೇ ಬೇಯದೆ ಹೋಯ್ತಾ?”

ಆ ವರ್ಷವೂ, ಅದರ ಮುಂದಿನ ವರ್ಷವೂ ಫೆಸ್ಟಸ್ ತನ್ನ ದೋಣಿಯನ್ನು ಏನಾದರೊಂದು ನೆಪದಲ್ಲಿ ಕೋಲ್ಮನ್ ದೋಣಿಯ ಹತ್ತಿರಕ್ಕೆ ತೇಲಿಸುತ್ತಿದ್ದ. ನೀರಿನ ಮೇಲೆ ದನಿ ದೂರದವರೆಗೆ ಬರುತ್ತದೆ. ಮಿಸ್ ಹಾರ್ಟ್‌ನಲ್ ನಕ್ಕಾಗಲೆಲ್ಲ ಅವನು ಎಣಿಸುತ್ತಿದ್ದ. ಒಂದು ಬೆಳಗ್ಗೆ ಹನ್ನೊಂದು ಸಲ ನಕ್ಕರು. ನನ್ನ ದೋಣಿಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಬೆಳಗ್ಗೆ ಹನ್ನೊಂದು ಸಲ ನಕ್ಕದ್ದುಂಟೇ ಎಂದು ನೆನಪು ಕೆದಕುತ್ತ ಕೂತಿದ್ದಾಗ ಅವನ ದೋಣಿಯಲ್ಲಿದ್ದ ಡಚ್ ಅತಿಥಿಯ ಗಾಳಕ್ಕೆ ಮೀನು ಕಚ್ಚಿ, ಎಳೆದಾಡಿ, ಬಿಟ್ಟುಹೋಗಿಯೂ ಆಗಿತ್ತು. ಡಚ್ಚಿನವನು ಗೊಣಗಿದ. ಫೆಸ್ಟಸ್ ಅವನಿಗೆ ಅವನದೇ ತಪ್ಪು ಎಂದು ಹೇಳಿ ಬಾಯಿ ಮುಚ್ಚಿಸಿದ.

ಮೂರನೆಯ ಮೇ ತಿಂಗಳಲ್ಲಿ, ಎರಡನೆಯ ವಾರದ ಒಂದು ಮಂಗಳವಾರ, ಮಿಸ್ ಹಾರ್ಟ್‌ನಲ್ ಇಬ್ಬರಿಗೂ ಹೇಳಿಕಳಿಸಿದರು. ಬೆರಳಿನ ಗಂಟುಗಳು ಊದಿ ಕೋಲು ಹಿಡಿಯಲಾಗುತ್ತಿರಲಿಲ್ಲ. ಈ ಊರಿಗೆ ಬರುವುದು ಇದೇ ಕೊನೆ, ಇನ್ನು ತಂಗಿಯ ಮನೆಯಲ್ಲಿ ಇದ್ದುಬಿಡುವುದು ಎಂದು ತೀರ್ಮಾನಿಸಿದ್ದರು. ಅಂಗಳದ ಕಲ್ಲಿನ ಬೆಂಚಿನ ಮೇಲೆ ಅವರ ಎರಡು ಕೋಲುಗಳನ್ನು ಜೋಡಿಸಿ ಮಲಗಿಸಿದ್ದರು.

“ಒಂದೊಂದು ನಿಮಗೆ,” ಎಂದರು. “ಯಾವುದು ಯಾರಿಗೆ ಅಂತ ನಾನು ಹೇಳೋಲ್ಲ. ಫೆಸ್ಟಸ್ ಹಿರಿಯರು, ಅವರು ಮೊದಲು ಆರಿಸಿಕೊಳ್ಳಲಿ.”

ಒಂದು ಕೋಲು ಹಳೆಯದು. ಬಿದಿರನ್ನು ಸಣ್ಣ ಸೀಳುಗಳಾಗಿ ಸೀಳಿ ಅಂಟಿಸಿ ಮಾಡಿದ, ಹನ್ನೊಂದೂವರೆ ಅಡಿಯ, ಕಂದು ಬಣ್ಣದ ಕೋಲು. ಬಣ್ಣ ಅಲ್ಲಲ್ಲಿ ಎದ್ದಿತ್ತು, ಹಿಡಿಯ ಬೆಂಡು ಕಪ್ಪಾಗಿತ್ತು, ತುದಿ ಒಂದಿಷ್ಟು ಒಂದು ಕಡೆಗೆ ವಾಲಿತ್ತು. ಇನ್ನೊಂದು ಅವರ ಅಣ್ಣನ ಮಗ ಹಿಂದಿನ ವರ್ಷ ತಂದುಕೊಟ್ಟದ್ದು, ಹೊಸದಾಗಿ ಬಂದಿದ್ದ ಕಾರ್ಬನ್ ಕೋಲು. ಕಪ್ಪಗೆ ಮಿಂಚುತ್ತಿತ್ತು, ಎತ್ತಿದರೆ ತೂಕವೇ ಇಲ್ಲ, ಬೀಸಿದರೆ ಸುಯ್ಯೆನ್ನುತ್ತಿತ್ತು. ಅಂಥದ್ದು ಆಗ ಸರೋವರದಲ್ಲಿ ಇನ್ನೊಂದಿರಲಿಲ್ಲ.

ಯಾವುದನ್ನು ಆರಿಸಬೇಕೆಂದು ಫೆಸ್ಟಸ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೋಲು ಕೊಳ್ಳುವ ಅತಿಥಿಗಳಿಗೆ ಅವನೇ ಗುರು. ದಾರದ ತುದಿಯನ್ನು ಹೋಟೆಲಿನ ಗೇಟಿನ ಚಿಲಕಕ್ಕೆ ಕಟ್ಟಿ, ಕೋಲನ್ನು ಅವರ ಕೈಗೆ ಕೊಟ್ಟು ಎಳೆಯಿರಿ ಎನ್ನುತ್ತಿದ್ದ. “ಬಾಗು ಎಲ್ಲೀವರೆಗೆ ಬಂತು? ಅಂಗೈವರೆಗೂ ಬರ್ಬೇಕು. ತುದೀಲೇ ನಿಂತುಬಿಟ್ರೆ ಆ ಕೋಲು ಮನೇಲಿ ಪರದೆ ಹಾಕೋಕೆ ಇಟ್ಕೊಳಿ,” ಎನ್ನುತ್ತಿದ್ದ. ಗಡಸು ಕೋಲು ದಾರವನ್ನು ದೂರ ಎಸೆಯುತ್ತದೆ ನಿಜ. ಆದರೆ ತೇಲುವ ದೋಣಿಯಲ್ಲಿ ದೂರ ಯಾರಿಗೆ ಬೇಕು? ದೊಡ್ಡ ಟ್ರೌಟು ಏಳುವುದು ದೋಣಿಯಿಂದ ಹತ್ತು ಗಜದಲ್ಲಿ. ಕೊನೆಗೆ ದೋಣಿಯ ಕೆಳಗೇ ಧುಮುಕುತ್ತದೆ. ಆಗ ಕೋಲು ಬಾಗಿ ಬಾಗಿ ಸಡಿಲ ಕೊಡದಿದ್ದರೆ ಕೂದಲಿನಷ್ಟು ಸಣ್ಣ ನೈಲಾನ್ ಎಳೆ ಪಟ್ಟೆಂದು ಹೋಗುತ್ತದೆ. ಆ ಕಂದು ಕೋಲಿನಲ್ಲಿ ಮಿಸ್ ಹಾರ್ಟ್‌ನಲ್ ಒಂಬತ್ತು ಪೌಂಡಿನ ಮೀನನ್ನು ದಣಿಸಿ ತಂದದ್ದನ್ನು, ಕೋಲು ಹಿಡಿಯವರೆಗೂ ಬಾಗಿ ಹಾಗೇ ನಿಂತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮೂವತ್ತೆಂಟು ವರ್ಷದಲ್ಲಿ ಅವನು ಯಾರದಾದರೂ ಕೋಲಿಗೆ ಆಸೆಪಟ್ಟಿದ್ದರೆ ಅದು ಈ ಕೋಲಿಗೆ.

ಕೈ ಚಾಚಿ ಕಂದು ಕೋಲಿನ ಹಿಡಿಯ ಮೇಲೆ ಇಟ್ಟೂ ಆಗಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವನ ಕಣ್ಣು ತನ್ನ ತಟ್ಟೆಯ ಮೇಲೆ ನಿಲ್ಲುವುದಿಲ್ಲವಲ್ಲ. ತಿರುಗಿ ಕೋಲ್ಮನ್ ಕಡೆ ನೋಡಿದ.

ಕೋಲ್ಮನ್ ಕಪ್ಪು ಕೋಲನ್ನೇ ನೋಡುತ್ತಿದ್ದ. ಹಸಿದವನು ಬೇಕರಿಯ ಕಿಟಕಿ ನೋಡುವ ಹಾಗೆ, ರೆಪ್ಪೆ ಬಡಿಯದೆ. ಕಂದು ಕೋಲಿನ ಕಡೆ ತಪ್ಪಿಯೂ ಕಣ್ಣು ಹಾಯಿಸಲಿಲ್ಲ.

ಹಾಗಾದರೆ ನಾನು ಇದನ್ನು ತೆಗೆದುಕೊಂಡರೆ ಅವನು ಬಯಸಿದ್ದು ಅವನಿಗೆ ಸಿಕ್ಕೇ ಸಿಗುತ್ತದೆ, ಎಂದುಕೊಂಡ ಫೆಸ್ಟಸ್. ನನ್ನ ಅತಿಥಿ ಅವನಿಗೆ, ಅವರ ನಗು ಅವನಿಗೆ, ಈಗ ಬಯಸಿದ ಕೋಲೂ ಅವನಿಗೇ. ಮೈಯೆಲ್ಲ ಉರಿದುಹೋಯಿತು. ಕಂದು ಕೋಲಿನ ಮೇಲಿಂದ ಕೈ ತೆಗೆದು ಕಪ್ಪು ಕೋಲನ್ನು ಎತ್ತಿಕೊಂಡ.

“ಖಂಡಿತಾನಾ, ಫೆಸ್ಟಸ್?” ಎಂದರು ಮಿಸ್ ಹಾರ್ಟ್‌ನಲ್.

“ಖಂಡಿತ, ಮಿಸ್. ಕಾಲಕ್ಕೆ ತಕ್ಕ ಹಾಗೆ ಹೋಗ್ಬೇಕಲ್ಲ.”

ಕೋಲ್ಮನ್ ಏನೋ ಹೇಳಲು ಬಾಯಿ ತೆರೆದ. ಮಿಸ್ ಅವನ ಕಡೆ ನೋಡಿದರು. ಅವನು ಬಾಯಿ ಮುಚ್ಚಿಕೊಂಡ. ಅವನ ಮುಖ ಸಣ್ಣಗಾದದ್ದನ್ನು ಫೆಸ್ಟಸ್ ಚೆನ್ನಾಗಿ ನೋಡಿಕೊಂಡ. ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು. ಆ ಸಂತೋಷದಲ್ಲಿ ಮಿಸ್ ಹಾರ್ಟ್‌ನಲ್‌ಗೆ ಸರಿಯಾಗಿ ಹೋಗಿಬನ್ನಿ ಎಂದೂ ಹೇಳದೆ ಕೋಲು ಹೆಗಲಿಗೆ ಹಾಕಿ ಮನೆಗೆ ನಡೆದ. ಅವರು ಶುಕ್ರವಾರದ ಹಡಗಿಗೆ ಹೊರಟುಹೋದರು.

ತಣ್ಣಗಾದ ಹೊಟ್ಟೆ ಮನೆಯವರೆಗೆ ಮಾತ್ರ ಹಾಗಿತ್ತು. ಡೀಲಿಯಾ ಕೋಲನ್ನು ಕೈಯಲ್ಲಿ ಹಿಡಿದು, ತುದಿಯನ್ನು ಅಡುಗೆಮನೆಯ ತೊಲೆಗೆ ಒತ್ತಿ ನೋಡಿದಳು. ಅವಳ ಅಪ್ಪನೂ ಅಂಬಿಗನೇ.

“ಇದು ಬಾಗೋದೇ ಇಲ್ವಲ್ಲ, ಫೆಸ್ಟಿ.”

“ಹೊಸದು ಹಾಗೇ.”

“ಇದನ್ನ ಅವರೇ ಕೊಟ್ರಾ, ನೀನೇ ಆರಿಸಿದ್ದಾ?”

“ನಾನೇ.”

ಡೀಲಿಯಾ ಕೋಲನ್ನು ಗೋಡೆಗೆ ಒರಗಿಸಿ, “ಕೋಲ್ಮನ್‌ಗೆ ಯಾವುದು ಬೇಕಿತ್ತು?” ಎಂದು ಕೇಳಿದಳು. ಫೆಸ್ಟಸ್ ದನ ನೋಡಿಬರುತ್ತೇನೆಂದು ಹೊರಗೆ ಹೋದ.

ಹೆರಟಿಯ ಪಬ್ಬಿನಲ್ಲಿ ಕಪ್ಪು ಕೋಲು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಬೆರಗಾದರು. ಫೆಸ್ಟಸ್ ಹುಲ್ಲುಗಾವಲಲ್ಲಿ ನಿಂತು ಬೀಸಿ ತೋರಿಸಿದರೆ ದಾರ ಬೇಲಿ ದಾಟಿ ಹೋಗಿ ಪಾದ್ರಿಗಳ ಕುರಿಗೆ ಸಿಕ್ಕಿಕೊಂಡಿತು. ಹೊಗಳಿಸಿಕೊಳ್ಳುವುದು ಅವನಿಗೂ ಹಿತವಾಗಿಯೇ ಇತ್ತು. ಆದರೆ ಅದೇ ಶನಿವಾರ ಸಂಜೆ, ಅತಿಥಿಗಳನ್ನು ದಡಕ್ಕೆ ಬಿಟ್ಟ ಮೇಲೆ, ಒಬ್ಬನೇ ದೋಣಿಯಲ್ಲಿ ಹೋಗಿ ನೋಡಿದ. ನಾಲ್ಕು ಪೌಂಡಿನದೊಂದು ಕಚ್ಚಿತು. ಒಳ್ಳೆಯ ಮೀನೇ, ಆದರೆ ಜೀವಮಾನದ ಮೀನೇನಲ್ಲ. ದೋಣಿಯ ಹತ್ತಿರ ಬಂದು ತಲೆ ಒಂದು ಸಲ ಕೊಡವಿತು. ಕೋಲು ಗೂಟದ ಹಾಗೆ ನಿಂತಿತು. ಎಳೆ ಹರಿಯಿತು. ನಾಲ್ಕು ಪೌಂಡಿನದೇ ಹೀಗಾದರೆ ಹತ್ತು ಪೌಂಡಿನದು ಏನು ಮಾಡೀತು ಎಂದು ಬೇರೆ ಯಾರಾದರೂ ಕೇಳಿದ್ದರೆ ಫೆಸ್ಟಸ್ ನಕ್ಕುಬಿಡುತ್ತಿದ್ದ.

ಅತ್ತ ಕೋಲ್ಮನ್ ಕಂದು ಕೋಲು ಹಿಡಿದು ಬಿಡುವಿದ್ದಾಗೆಲ್ಲ ಮೀನು ತರುತ್ತಿದ್ದ. ಅವನ ತಲೆಯ ಮೇಲೆ ಆ ಕೋಲು ಕಮಾನಿನ ಹಾಗೆ ಬಾಗಿದ್ದು ಫೆಸ್ಟಸ್‌ಗೆ ಅರ್ಧ ಮೈಲಿಯಿಂದ ಕಾಣುತ್ತಿತ್ತು. ಬೇರೆಯವರ ಹೆಂಡತಿಯನ್ನು ನೋಡಿ ಕರುಬುವವರುಂಟು. ತಾನೇ ಬೇಡವೆಂದು ಬಿಟ್ಟುಬಂದವಳನ್ನು ಇನ್ನೊಬ್ಬನ ಮನೆಯಲ್ಲಿ ಸುಖವಾಗಿ ನೋಡುವವನ ಪಾಡು ಅವನದಾಯಿತು. ರಾತ್ರಿ ಉಂಡದ್ದು ಅರಗುತ್ತಿರಲಿಲ್ಲ. ಡೀಲಿಯಾ ಈ ಸಲ ಆಲೂಗಡ್ಡೆಯ ಮಾತೆತ್ತಲಿಲ್ಲ.

ಕೊನೆಯ ಭಾನುವಾರ ಬಂತು. ಪೂಜೆ ಮುಗಿದ ಮೇಲೆ ಹೋಟೆಲಿನ ದಕ್ಕೆಯಲ್ಲಿ ಹೆರಟಿ ತನ್ನ ಟೋಪಿಯೊಳಗೆ ಚೀಟಿ ಹಾಕಿ ಜೋಡಿಗಳನ್ನು ಎತ್ತಿಸಿದ. ಫೆಸ್ಟಸ್ ಜೋಡಿಯಾಗಿ ಚೀಟಿಯಲ್ಲಿ ಬಂದಿದ್ದವನು ಬೇರೊಬ್ಬ. ದೋಣಿ ಹತ್ತಿ ಕೂತು ನೋಡಿದರೆ ಎದುರಿಗೆ ಕೋಲ್ಮನ್.

“ನೀನ್ಯಾಕೆ ಇಲ್ಲಿ?”

“ಚೀಟಿ ಬದಲಾಯಿಸ್ಕೊಂಡೆ. ನಿಂಜೊತೆ ಹೋಗಿ ತುಂಬ ವರ್ಷ ಆಯ್ತಲ್ಲ.”

ಮೆರೆಯೋಕೆ ಬಂದಿದ್ದಾನೆ, ಎಂದುಕೊಂಡ ಫೆಸ್ಟಸ್. ಕಂದು ಕೋಲನ್ನು ನನ್ನ ಮೂಗಿನ ಮುಂದೆ ಆಡಿಸೋಕೆ. ಹುಟ್ಟಿಗೆ ಕೈ ಹಾಕಿದ.

ದಿನ ಚೆನ್ನಾಗಿತ್ತು. ನೈಋತ್ಯದ ಗಾಳಿ, ಮೋಡ, ನೀರಿನ ಮೇಲೆ ಸಣ್ಣ ಅಲೆ. ಹಸಿರು ನೊಣಗಳು ಅಲೆಯ ಮೇಲೆ ಹಾಯಿ ಬಿಚ್ಚಿ ತೇಲುತ್ತಿದ್ದವು. ಹಂದಿ ನಡುಗಡ್ಡೆಯ ಪಕ್ಕದಲ್ಲಿ ದೋಣಿಯನ್ನು ಗಾಳಿಗೆ ಬಿಟ್ಟು ಇಬ್ಬರೂ ಬೀಸತೊಡಗಿದರು, ಒಬ್ಬ ಮುಂದೆ, ಒಬ್ಬ ಹಿಂದೆ. ಮಧ್ಯಾಹ್ನದವರೆಗೆ ಫೆಸ್ಟಸ್‌ಗೆ ಎರಡು ಸಣ್ಣವು ಸಿಕ್ಕಿ, ದೊಡ್ಡದೊಂದು ಕಿತ್ತುಕೊಂಡು ಹೋಯಿತು. ಕೋಲ್ಮನ್ ಅದನ್ನು ನೋಡಿ ತನ್ನ ದಾರ ಸುತ್ತಿಕೊಂಡ.

“ಫೆಸ್ಟಸ್, ಸ್ವಲ್ಪ ಹೊತ್ತು ಕೋಲು ಬದಲಾಯಿಸ್ಕೊಳ್ಳೋಣ್ವಾ?”

“ಯಾಕೆ?”

“ಸುಮ್ನೆ. ಆ ಕರೀದು ಹೇಗಿದೆ ನೋಡೋಣ ಅಂತ.”

“ಆಸೆ ಹೋಗಿಲ್ವಾ ಇನ್ನೂ?” ಎಂದ ಫೆಸ್ಟಸ್. “ನಿನ್ನದು ನಿಂಗೆ, ನನ್ನದು ನಂಗೆ. ಸುಮ್ನೆ ಬೀಸು.”

ಕೋಲ್ಮನ್ ಆಕಾಶ ನೋಡಿದ. ಆಮೇಲೆ ಬೀಸಿದ. ದೋಣಿಯಿಂದ ಎಂಟು ಗಜ ದೂರದಲ್ಲಿ ನೀರು ಉಬ್ಬಿ, ಒಂದು ಮೂತಿ ಮೇಲೆದ್ದು, ಅವನ ನೊಣವನ್ನು ಯಾವ ಆತುರವೂ ಇಲ್ಲದೆ ಒಳಗೆ ತೆಗೆದುಕೊಂಡಿತು.

ಅದು ಹತ್ತು ಪೌಂಡಿಗೆ ಮೇಲಿನದು ಎಂದು ಇಬ್ಬರಿಗೂ ಆ ಕ್ಷಣವೇ ಗೊತ್ತಾಯಿತು. ದಾರ ಸುತ್ತಿದ ರೀಲು ಕೂಗಿತು. ಮೀನು ನಡುಗಡ್ಡೆಯ ಕಡೆಗೆ ಅರವತ್ತು ಗಜ ಓಡಿತು. ಅಂಥ ಹೊತ್ತಿನಲ್ಲಿ ಜೊತೆಗಾರ ತನ್ನ ದಾರ ಸುತ್ತಿಟ್ಟು ಹುಟ್ಟು ಹಿಡಿಯಬೇಕು, ಆಮೇಲೆ ಕೈಬಲೆ ಹಿಡಿಯಬೇಕು. ಫೆಸ್ಟಸ್ ಅದೆಲ್ಲವನ್ನೂ ಮಾಡಿದ. ಮಾಡುತ್ತಲೇ ಒಳಗೆ ಶಪಿಸುತ್ತಿದ್ದ. ಹೋಗು, ಬಂಡೆಗೆ ಸುತ್ತಿಕೋ, ಕಿತ್ತುಕೊಂಡು ಹೋಗು ಎಂದು ಮೀನಿಗೆ ಹೇಳುತ್ತಿದ್ದ. ಮೀನು ಕೇಳಲಿಲ್ಲ. ಕಂದು ಕೋಲು ಅಂಗೈವರೆಗೂ ಬಾಗಿ, ಮೀನು ಎಳೆದಷ್ಟು ಕೊಟ್ಟು, ಸುಮ್ಮನಾದಾಗ ವಾಪಸು ತೆಗೆದುಕೊಂಡು, ಮತ್ತೆ ಕೊಟ್ಟು, ಇಪ್ಪತ್ತೈದು ನಿಮಿಷ ಹಾಗೇ ಕೆಲಸ ಮಾಡಿತು. ಮೀನು ದೋಣಿಯ ಕೆಳಗೆ ಧುಮುಕಿದಾಗ ಕೋಲ್ಮನ್ ಕೋಲಿನ ತುದಿಯನ್ನು ನೀರಿನೊಳಗೇ ಮುಳುಗಿಸಿ ಹಿಂಬದಿಯಿಂದ ಸುತ್ತಿ ತಂದ. ಅದನ್ನು ಅವನಿಗೆ ಕಲಿಸಿದವನು ಫೆಸ್ಟಸ್.

ಮೀನು ಪಕ್ಕಕ್ಕೆ ಮಗುಚಿತು. ಬಂಗಾರದ ಹೊಟ್ಟೆ, ಬೆನ್ನ ಮೇಲೆ ಗುಂಡಿಯಷ್ಟು ದೊಡ್ಡ ಚುಕ್ಕೆಗಳು. ಫೆಸ್ಟಸ್ ಕೈಬಲೆಯನ್ನು ನೀರಿಗೆ ಇಳಿಸಿ ಮಂಡಿಯೂರಿದ. ಸೊಂಟ ಚೀರಿತು. ಬಲೆಯ ಅಂಚು ಎಳೆಗೆ ಒಂದು ಸಲ ತಗುಲಿದರೆ ಸಾಕು. ಸಾವಿರ ಸಲ ಆಗಿರುವ ಆಕಸ್ಮಿಕ ಅದು, ಯಾರೂ ತಪ್ಪು ಹೊರಿಸುವಂತಿಲ್ಲ. ಗೋಡೆಯ ಮೇಲೆ ನನ್ನ ಹೆಸರಿಲ್ಲದಿದ್ದರೆ ಅವನ ಹೆಸರೂ ಬೇಡ. ತಗುಲಿಸಿಬಿಡುತ್ತೇನೆ ಎಂದು ಅವನು ನಿಶ್ಚಯ ಮಾಡಿದ್ದು ನಿಜ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಕೋಲ್ಮನ್ ಮೀನನ್ನು ಬಲೆಯ ಮೇಲಕ್ಕೆ ಎಳೆದ. ಫೆಸ್ಟಸ್‌ನ ಕೈ ಬಲೆ ಎತ್ತಿತು. ಮೂವತ್ತೆಂಟು ವರ್ಷ ಪರರ ಮೀನು ಎತ್ತಿದ ಕೈ, ಯಜಮಾನನ ಮಾತನ್ನು ಕಾಯಲಿಲ್ಲ. ಮೀನು ದೋಣಿಯೊಳಗೆ ಬಂದು ಬಿದ್ದ ಮೇಲೆ ಫೆಸ್ಟಸ್ ತನ್ನ ಕೈಗಳನ್ನೇ ದ್ವೇಷದಿಂದ ನೋಡಿದ. ಅದು ಅವನ ಒಳ್ಳೆಯತನವೇನಲ್ಲ, ಬರೀ ಅಭ್ಯಾಸಬಲ.

“ಹನ್ನೊಂದು ಇರ್ಬೇಕು,” ಎಂದ.

ಕೋಲ್ಮನ್ ಮೀನಿನ ಕಡೆ ನೋಡಲಿಲ್ಲ. ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂತ. ಅವನ ಮುಖದಲ್ಲಿ ಗೆದ್ದವನ ಕಳೆಯಿರಲಿಲ್ಲ.

“ಇದು ನಿನ್ನ ಮೀನು, ಫೆಸ್ಟಸ್. ಇದು ನಿನ್ನ ಕೋಲು.”

“ಕರುಣೆ ತೋರಿಸ್ಬೇಡ.”

“ಕರುಣೆ ಅಲ್ಲ. ಇದನ್ನ ಅವರು ನಿನಗೇ ಅಂತ ಇಟ್ಟಿದ್ರು. ಹಿಂದಿನ ದಿನ ನನ್ನ ಕರೆಸಿದ್ರು. ‘ನಾಳೆ ನೀವು ಕಪ್ಪು ಕೋಲನ್ನೇ ನೋಡ್ತಾ ಇರಿ ಕೋಲ್ಮನ್, ಕಂದು ಬಣ್ಣದ್ದರ ಕಡೆ ಕಣ್ಣೆತ್ತಬೇಡಿ’ ಅಂದ್ರು. ನಂಗೆ ಆ ಕಪ್ಪು ದರಿದ್ರ ಯಾವತ್ತೂ ಬೇಕಿರ್ಲಿಲ್ಲ.”

“ಯಾಕಂತೆ?”

“ನಾನು ಇದನ್ನ ಆಸೆಯಿಂದ ನೋಡಿದ್ರೆ ನೀನು ನಂಗೆ ಬಿಟ್ಟುಕೊಟ್ಟುಬಿಡ್ತೀಯ ಅಂತ. ‘ಫೆಸ್ಟಸ್ ಮನಸ್ಸು ಅಷ್ಟು ದೊಡ್ಡದು, ತನಗೆ ಬೇಕಾದ್ದನ್ನ ಯಾವತ್ತೂ ಬಾಯಿಬಿಟ್ಟು ಕೇಳೋರಲ್ಲ’ ಅಂದ್ರು.”

ಅಲೆ ದೋಣಿಯ ಬದಿಗೆ ತಟ್ಟುತ್ತಿತ್ತು. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಫೆಸ್ಟಸ್‌ಗೆ ಇಷ್ಟು ನೋಯುತ್ತಿರಲಿಲ್ಲ.

“ನಾನು ಅಲ್ಲೇ ಹೇಳೋಣ ಅಂತ ಬಾಯಿ ತೆಗೆದೆ,” ಎಂದ ಕೋಲ್ಮನ್. “ಅವರು ನೋಡಿದ ನೋಟಕ್ಕೆ ಸುಮ್ಮನಾದೆ. ಆಮೇಲೆ ಹೇಗೆ ಹೇಳೋದು ಗೊತ್ತಾಗ್ಲಿಲ್ಲ. ಇವತ್ತು ಬದಲಾಯಿಸ್ಕೊಳ್ಳೋಣ ಅಂದ್ರೆ ನೀನು ಬಿಡ್ಲಿಲ್ಲ.”

“ಬೇರೇನಂದ್ರು?”

“ನಿನ್ನ ಸೊಂಟದ ವಿಷಯ. ನೀನು ದೋಣಿ ದಡಕ್ಕೆಳೆಯೋವಾಗ ಹಲ್ಲು ಕಚ್ಚೋದನ್ನ ನೋಡೋಕೆ ಆಗ್ತಿರ್ಲಿಲ್ವಂತೆ. ನಿಲ್ಲಿಸು ಅಂದ್ರೆ ನಿಲ್ಲಿಸೋನಲ್ಲ ನೀನು. ಅದಕ್ಕೇ ನನ್ನ ಕೇಳಿ ಬರೆದದ್ದು. ಎರಡು ವರ್ಷ ದೋಣೀಲಿ ನಿನ್ನ ಬೈಗುಳಾನೇ ನಂಗೆ ಹೇಳಿ ಹೇಳಿ ನಗೋರು.”

ಹನ್ನೊಂದು ಪೌಂಡಿನ ಮೀನು ಇಬ್ಬರ ನಡುವೆ ಬಿದ್ದಿತ್ತು. ಹೆರಟಿಯ ಗೋಡೆಯ ಮೇಲೆ ಅಂಬಿಗನ ಹೆಸರು ಇನ್ನು ಬಂದೇ ಬರುತ್ತದೆ, ಆದರೆ ಅದು ಫೆಸ್ಟಸ್‌ನದಲ್ಲ. ಅವನು ಆ ವಿಷಯವನ್ನು ಯೋಚಿಸಲು ಪ್ರಯತ್ನಪಟ್ಟ. ಯಾಕೋ ಉರಿ ಆ ಕಡೆ ಹೋಗಲೇ ಇಲ್ಲ.

“ನಿನ್ನ ಕರೆಸಿದ್ರಲ್ಲ,” ಎಂದ. “ಎಲ್ಲಿ ಕೂರಿಸಿದ್ರು?”

“ಎಲ್ಲಿ ಅಂದ್ರೆ?”

“ಅಡುಗೆಮನೇಲೋ, ಮುಂದಿನ ಕೋಣೇಲೋ?”

“ಮುಂದಿನ ಕೋಣೇಲಿ.”

ಇಪ್ಪತ್ತೆರಡು ವರ್ಷ ಫೆಸ್ಟಸ್ ಆ ಮನೆಗೆ ಹೋದದ್ದು ಹಿಂಬಾಗಿಲಿಗೆ. ಮೀನು ಕೊಟ್ಟು, ಚಹಾವನ್ನು ನಿಂತೇ ಕುಡಿದು, ಒದ್ದೆ ಬೂಟು ನೆಲ ಕೆಡಿಸೀತೆಂದು ಹೊಸ್ತಿಲಿನಿಂದಲೇ ಮರಳುತ್ತಿದ್ದ. ಒಳಗೆ ಬನ್ನಿ ಎಂದು ಅವರು ಕರೆಯುತ್ತಿರಲಿಲ್ಲ, ಕರೆದರೂ ಅವನು ಹೋಗುತ್ತಿರಲಿಲ್ಲ ಎಂದು ಈಗ ಹೇಳುವುದರಲ್ಲಿ ಅರ್ಥವಿಲ್ಲ.

“ಎಷ್ಟು ಹೊತ್ತು?”

“ಒಂದು ಗಂಟೆ ಆಗಿರ್ಬೇಕು. ಪೂರ್ತಿ ನಿನ್ನ ಮಾತೇ ಆಡಿದ್ದು ಕಣೋ.”

“ಅದಿರ್ಲಿ. ಆ ಕೋಣೇಲಿ ಏನೇನಿತ್ತು, ಹೇಳು.”

ಫೆಸ್ಟಸ್ ಹುಟ್ಟುಗಳನ್ನು ತೆಗೆದುಕೊಂಡ. ನಿನ್ನ ಸೊಂಟ, ನಾನು ಹಾಕ್ತೀನಿ ಎಂದು ಕೋಲ್ಮನ್ ಎದ್ದರೆ ಕೂತ್ಕೋ ಎಂದು ಗದರಿದ. ಕೋಲ್ಮನ್ ಹೇಳತೊಡಗಿದ. ಎರಡು ಕುರ್ಚಿ, ಒಂದು ಕಡೆ ಒಲೆ, ಪುಸ್ತಕಗಳು, ನೆಲದ ಮೇಲೆ ಸವೆದ ಕಂಬಳಿ. ಯಾವ ಕುರ್ಚಿಯಲ್ಲಿ ಅವರು ಕೂತರು, ಯಾವುದರಲ್ಲಿ ನೀನು? ಕೇಕಿತ್ತೇ? ಒಲೆಯಲ್ಲಿ ಉರಿದದ್ದು ಕಟ್ಟಿಗೆಯೋ, ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಮಣ್ಣೋ? ಕೋಲ್ಮನ್ ನೆನಪಿದ್ದದ್ದನ್ನೆಲ್ಲ ಹೇಳಿದ, ನೆನಪಿಲ್ಲದ್ದಕ್ಕೆ ಬೈಸಿಕೊಂಡ. ದಕ್ಕೆಯ ಮೇಲೆ ಜನ ಆಗಲೇ ಕೈಬೀಸಿ ಎಷ್ಟು ಎಷ್ಟು ಎಂದು ಕೂಗುತ್ತಿದ್ದರು. ಫೆಸ್ಟಸ್ ಹುಟ್ಟು ಹಾಕುವುದನ್ನು ನಿಧಾನ ಮಾಡಿದ. ಕಿಟಕಿಯಿಂದ ಸರೋವರ ಕಾಣುತ್ತಿತ್ತೇ, ಅವರು ಕೂತಲ್ಲಿಂದ ತನ್ನ ದೋಣಿ ಕಾಣುವ ಹಾಗಿತ್ತೇ ಎಂದು ಅವನಿನ್ನೂ ಕೇಳಿರಲಿಲ್ಲ.